ಒಣಗಿದ ಎಲೆಯ ಋಣ

ಗಿಡಗಳನ್ನು ಒತ್ತಿ, ಒಣಗಿಸಿ, ಕಾಗದಕ್ಕೆ ಅಂಟಿಸಿ ಕಾಪಿಡುವ ವಿದ್ಯೆಯು ಹದಿನಾರನೆಯ ಶತಮಾನದ ಇಟಲಿಯಲ್ಲಿ ಬೇರೂರಿತು. ಪೀಸಾದ ಆಚಾರ್ಯ ಲೂಕಾ ಗೀನಿಯ ಶಿಷ್ಯರು ಅದನ್ನು ದೇಶಾಂತರಗಳಿಗೆ ಹಬ್ಬಿಸಿದರು. ಹೂವಿನ ಕಾಲ ಮುಗಿದರೂ ಪಾಠವು ನಿಲ್ಲದಂತಾಯಿತು.

ಡಚ್ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿದ್ದ ಪಾಲ್ ಹರ್ಮನ್ 1670ರ ದಶಕದಲ್ಲಿ ಸಿಂಹಳದ ಸಸ್ಯಗಳನ್ನು ಹೀಗೆಯೇ ಸಂಗ್ರಹಿಸಿ, ಅಲ್ಲಿಯ ಜನರು ಹೇಳಿದ ಹೆಸರುಗಳನ್ನೂ ಬರೆದಿಟ್ಟನು. 1695ರಲ್ಲಿ ಆತನು ಕಾಲವಾದನು, ಸಂಗ್ರಹವು ಕಣ್ಮರೆಯಾಯಿತು. ಸುಮಾರು ಅರ್ಧ ಶತಮಾನದ ತರುವಾಯ ಅದು ಡೆನ್ಮಾರ್ಕಿನ ರಾಜಔಷಧಕಾರನಾದ ಆಗಸ್ಟ್ ಗುಂಥರನ ಬಳಿ ಕಾಣಿಸಿಕೊಂಡಿತು. ಅವನು ಅದನ್ನು ಸ್ವೀಡನ್ನಿನ ಲಿನೇಯಸನಿಗೆ ಕಳುಹಿಸಿದನು.

ಲಿನೇಯಸನು ಸಿಂಹಳವನ್ನು ಎಂದೂ ಕಂಡವನಲ್ಲ. ಆ ಒಣ ಎಲೆಗಳನ್ನೇ ಅಭ್ಯಸಿಸಿ 1747ರಲ್ಲಿ ‘ಫ್ಲೋರಾ ಜೇಲಾನಿಕಾ’ವನ್ನು ಪ್ರಕಟಿಸಿದನು. ಅದರ ಮುಖಪುಟದಲ್ಲಿ ಸಂಗ್ರಹಿಸಿದ ಹರ್ಮನ್ನನನ್ನೂ, ಲೋಕಕ್ಕೆ ಮರಳಿಸಿದ ಗುಂಥರನನ್ನೂ ಸ್ಮರಿಸಿದನು. ಸಂಗ್ರಹವು ಇಂದು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದೆ.

ಗಿಡದ ಹೆಸರು ಹೇಳಿಕೊಟ್ಟ ಸಿಂಹಳೀಯರಿಗೆ ಮಾತ್ರ ಆ ಮುಖಪುಟದಲ್ಲಿ ಸ್ಥಾನ ದೊರೆಯಲಿಲ್ಲ. ಅವರ ನುಡಿ ಉಳಿಯಿತು, ನುಡಿದವರು ಉಳಿಯಲಿಲ್ಲ. ವಿದ್ಯೆಯ ಭಂಡಾರವನ್ನು ತೆರೆಯುವಾಗ, ಹೆಸರಿರುವವರೊಡನೆ ಹೆಸರಿಲ್ಲದವರನ್ನೂ ನೆನೆಯುವುದು ವಿದ್ಯಾವಂತರ ಧರ್ಮ.