ಗುಜರಿ ಸೇರಿದ ರೇಸ್ ಕಾರುಗಳು

1980ರ ದಶಕದ ಆರಂಭದಲ್ಲಿ ನಾನು ಕೆಲಸ ಕಲಿತದ್ದು ವಿಲ್ಸನ್ ಗಾರ್ಡನ್ ಕಡೆಯ ಒಂದು ಗ್ಯಾರೇಜಿನಲ್ಲಿ. ಸಂಕ್ರಾಂತಿ ಕಳೆಯಿತೆಂದರೆ ಅಲ್ಲಿ ಹಗಲು ರಾತ್ರಿ ಒಂದೇ. ಫೆಬ್ರವರಿಯಲ್ಲಿ ಮದರಾಸಿನಾಚೆ, ಶೋಲಾವರಂನ ಯುದ್ಧಕಾಲದ ವಿಮಾನಪಟ್ಟಿಯ ಮೇಲೆ ರೇಸು ನಡೆಯುತ್ತಿತ್ತು.

ನಮ್ಮಲ್ಲಿಗೆ ಬರುತ್ತಿದ್ದದ್ದು ಫಿಯಟ್ಟು, ಇಲ್ಲವೇ ಹೆರಾಲ್ಡು. ಹೊಸ ಫಿಯಟ್ಟಿಗೆ ಹೆಸರು ಬರೆಸಿದವರು ವರ್ಷಗಟ್ಟಲೆ ಕಾಯುತ್ತಿದ್ದ ಕಾಲ. ಓಡುವ ಹಳೇ ಗಾಡಿಗೂ ಚಿನ್ನದ ಬೆಲೆ. ಅಂಥದ್ದರ ಸೀಟು ಕಿತ್ತು ರೇಸಿಗೆ ಬಿಡುವ ಎದೆ ಯಾರಿಗಿತ್ತು? ಅಪಘಾತದಲ್ಲಿ ಮೂತಿ ಜಜ್ಜಿಹೋಗಿ ಮಾಲೀಕ ಕೈಬಿಟ್ಟದ್ದೇ ರೇಸಿನವರ ಪಾಲಿಗೆ. ಟಿಂಕರ್ ಅದನ್ನು ಬಡಿದು ನೆಟ್ಟಗೆ ಮಾಡುವಷ್ಟರಲ್ಲಿ ನಮ್ಮ ಮೇಸ್ತ್ರಿ 1089 ಸಿಸಿ ಎಂಜಿನ್ ಬಿಚ್ಚಿ, ಹೆಡ್ ತೆಳ್ಳಗೆ ಮಾಡಿಸಲು ಕಳಿಸಿ, ನಾಲ್ಕು ಪಿಸ್ಟನ್ನುಗಳನ್ನೂ ಪಕ್ಕದ ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿ ಸಮ ಮಾಡುತ್ತಿದ್ದರು. ಶೆಟ್ಟರು ಬೈದುಕೊಂಡೇ ತಕ್ಕಡಿ ಕೊಡುತ್ತಿದ್ದರು. ಜೋಡಿ ವೆಬರ್ ಕಾರ್ಬೊರೇಟರ್ ಬೇಕಾದರೆ ವಿದೇಶದಿಂದ ಬರುವ ಯಾರದೋ ಪೆಟ್ಟಿಗೆಗೆ ಕಾಯಬೇಕು. ಅವುಗಳ ಮುಂದೆ ಎಂಜಿನ್ನೇ ಅಗ್ಗ.

ದುಡ್ಡಿದ್ದವರ ಲೋಕ ಬೇರೆ. ಅದೇ ಶೋಲಾವರಂನಲ್ಲಿ ವಿಜಯ್ ಮಲ್ಯ ಎನ್‌ಸೈನ್ ಫಾರ್ಮುಲಾ ಒನ್ ಕಾರು ಓಡಿಸಿದರು. ನಮ್ಮ ಕಣ್ಣಿದ್ದದ್ದು ಬೆಂಗಳೂರಿನದೇ ಆದ ಸಿಪಾನಿ ಡಾಲ್ಫಿನ್ ಮೇಲೆ: ಬ್ರಿಟನ್ನಿನ ರಿಲಯಂಟ್ ಕಿಟನ್ ಆಧರಿಸಿದ್ದು, ಫೈಬರ್ ಮೈ, 848 ಸಿಸಿಯ ಅಲ್ಯೂಮಿನಿಯಂ ಎಂಜಿನ್. ಎರಡೇ ಬಾಗಿಲು ಎಂದು ಸಂಸಾರಸ್ಥರು ಮೂಗು ಮುರಿದರು. ಹಗುರ ಎಂದು ರ‍್ಯಾಲಿಯವರು ಮೆಚ್ಚಿದರು.

1983ರ ಕೊನೆಗೆ ಮಾರುತಿ 800 ಬಂತು. ಕೊಯಮತ್ತೂರಿನ ಕರಿವರ್ಧನ್ ಅದರ ಎಂಜಿನ್ ಇಟ್ಟು ಒಂಟಿ ಸೀಟಿನ ಫಾರ್ಮುಲಾ ಮಾರುತಿ ಕಟ್ಟಿದರು. 1990ರಲ್ಲಿ ಶ್ರೀಪೆರಂಬದೂರಿನ ಬಳಿ ಹೊಸ ಟ್ರ್ಯಾಕ್ ಆಯಿತು. ಫಿಯಟ್ಟುಗಳು ಬೇಕಾದಷ್ಟು ಸಿಗತೊಡಗಿದ್ದು ಆಮೇಲೆ, ರೇಸಿನವರಿಗೆ ಅವು ಬೇಡವಾದಾಗ. ಶಿವಾಜಿನಗರದ ಗುಜರಿಯಲ್ಲಿ ಕಿಲೋ ಲೆಕ್ಕದಲ್ಲಿ ಹೋದವು. ಡಾಲ್ಫಿನ್ನಿಗೆ ಆ ಭಾಗ್ಯವೂ ಇಲ್ಲ. ಫೈಬರ್ ಕರಗುವುದಿಲ್ಲವಲ್ಲ! ಅಲ್ಯೂಮಿನಿಯಂ ಬಿಚ್ಚಿಕೊಂಡು ಮೈಯನ್ನು ಬೇಲಿಗೆ ಎಸೆದದ್ದನ್ನು ನಾನೇ ನೋಡಿದ್ದೇನೆ. ಶೋಲಾವರಂನಲ್ಲಿ ಓಡಿದ ಗಾಡಿ, ಎತ್ತಿಡೋಣ ಎಂದು ಆಗ ಯಾರೂ ಹೇಳಲಿಲ್ಲ.

ಈಗ ಹೇಳುವವರು ಬರುತ್ತಾರೆ. ‘ಅಣ್ಣಾ, ಅಲ್ಲಿ ಓಡಿದ್ದೇ ಬೇಕು, ಎಷ್ಟಾದರೂ ಪರವಾಗಿಲ್ಲ’ ಅನ್ನುತ್ತಾರೆ. ಎಲ್ಲಿಂದ ತರಲಿ? ಸಿಕ್ಕರೂ ಆರ್‌ಸಿ ಇರುವುದಿಲ್ಲ. ರೇಸ್ ಗಾಡಿಯ ಕಾಗದ ಯಾರು ಜೋಪಾನ ಮಾಡಿದ್ದರು? 2021ರ ವಿಂಟೇಜ್ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗೆ 20,000 ರೂಪಾಯಿ ಕಟ್ಟಿ ‘ವಿಎ’ ಸರಣಿಯ ನಂಬರ್ ಪಡೆಯಬಹುದು, ನಿಜ. ಆದರೆ ಚಾಸಿ, ಬಾಡಿ, ಎಂಜಿನ್ ಹೆಚ್ಚು ಬದಲಾಗಿರಬಾರದು. ನಾವು ಮಾಡಿದ್ದೆಲ್ಲ ಅದೇ ಬದಲಾವಣೆ! ಗಾಜು ಒರೆಸಿ, ಕವರು ಹಾಕಿ ಷೆಡ್ಡಿನಲ್ಲಿಟ್ಟ ಯಾರೋ ವೈದ್ಯರ ಫಿಯಟ್ಟಿಗೆ ಮರ್ಯಾದೆ, ಓಡಿ ಗೆದ್ದದ್ದಕ್ಕಿಲ್ಲ. ಇದು ನನಗಂತೂ ಒಪ್ಪುವ ಮಾತಲ್ಲ.

ಹಾಗಾಗಿ ಹೆಚ್ಚಿನವರು ಕಾಗದ ಸರಿಯಿರುವ ಫಿಯಟ್ ಪದ್ಮಿನಿ ತಂದು ಅದರಲ್ಲೇ ಒಂದು ನಕಲು ಕಟ್ಟಿಕೊಡಿ ಅನ್ನುತ್ತಾರೆ. ಕಟ್ಟುತ್ತೇನೆ. ಹೆರಾಲ್ಡ್ ಆದರೆ ಬಿಡಿಭಾಗ ಇಂಗ್ಲೆಂಡಿನಿಂದ ತರಿಸಬೇಕು, ಮೇಲೆ ಕಸ್ಟಮ್ಸ್ ಬೇರೆ. ರೋಲ್ ಕೇಜು, ಪೆಟ್ರೋಲ್ ಟ್ಯಾಂಕು, ಟೈರು ಸೇರಿಸಿ ಎಸ್ಟಿಮೇಟ್ ಬರೆದುಕೊಟ್ಟರೆ, ‘ಇಷ್ಟಕ್ಕೆ ಹೊಸ ಕಾರೇ ಬರುತ್ತಲ್ಲ’ ಅಂತ ಅರ್ಧ ಜನ ಎದ್ದು ಹೋಗುತ್ತಾರೆ. ಉಳಿದವರು ಅಡ್ವಾನ್ಸ್ ಕೊಟ್ಟು, ಮೊದಲು ಬಣ್ಣದ ವಿಚಾರ ಎತ್ತುತ್ತಾರೆ.