ಎರಡು ಪುಟದ ಅರ್ಜಿ

ಮೊನ್ನೆ ಮನೆ ಬದಲಾಯಿಸುವಾಗ ಹಳೇ ಫೈಲೊಂದರಲ್ಲಿ ಎರಡು ಪುಟದ ಪ್ರಿಂಟೌಟ್ ಸಿಕ್ಕಿತು. 2018ರ ಡಿಸೆಂಬರಿನಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿಗೆ ಹಾಕಿದ್ದ ಅರ್ಜಿಯದು. ಹೆಸರಲ್ಲಿ ಎಕನಾಮಿಕ್ಸ್ ಇದ್ದರೂ ಅಲ್ಲಿ ಮಾಧ್ಯಮಕ್ಕೇ ಒಂದು ವಿಭಾಗ ಇದೆ. ಅದರೊಳಗೆ 'ಪಾಲಿಟಿಕ್ಸ್ ಅಂಡ್ ಕಮ್ಯುನಿಕೇಷನ್' ಅಂತ ಒಂದು ವರ್ಷದ ಎಂಎಸ್ಸಿ. "ರಾಜಕೀಯ ಓದೋದಕ್ಕೂ ಎಂಎಸ್ಸಿನಾ?" ಅಂತ ಅಪ್ಪ ಕೇಳಿದ್ದರು. ನನ್ನ ಹತ್ತಿರವೂ ಉತ್ತರ ಇರಲಿಲ್ಲ :)

ಅಂಕಪಟ್ಟಿ ಕಳಿಸೋದು ಸುಲಭ. ಮೇಷ್ಟ್ರ ಪತ್ರವೂ ಹೇಗೋ ಆಗುತ್ತೆ. ಕಷ್ಟ ಅಂದ್ರೆ 'ನಾನು ಯಾಕೆ ಇದನ್ನು ಓದಬೇಕು' ಅಂತ ಬರೆದುಕೊಡೋದು. ನಾನು ಮೊದಲು ಬರೆದದ್ದು ಹೀಗೆ: ಚಿಕ್ಕವನಿದ್ದಾಗ ತಾತನಿಗೆ ಪೇಪರ್ ಓದಿ ಹೇಳ್ತಿದ್ದೆ, ಅಂದಿನಿಂದಲೇ ಪತ್ರಿಕೋದ್ಯಮದ ಹುಚ್ಚು... ಇತ್ಯಾದಿ. ಹೊರದೇಶದಲ್ಲಿ ಓದಿ ಬಂದ ಗೆಳೆಯನೊಬ್ಬ ಅದನ್ನು ನೋಡಿ, "ಗುರೂ, ಈ ತಾತನ ಕಥೆ ಎಲ್ಲಾರೂ ಬರ್ದಿರ್ತಾರೆ. ನೀನು ಕಣ್ಣಾರೆ ನೋಡಿದ್ದು ಏನಾದ್ರೂ ಇದ್ರೆ ಬರಿ" ಅಂದ.

ನೋಡಿದ್ದು ಇತ್ತು. ನೋಡಿದ್ದಲ್ಲ, ಮಾಡಿದ್ದು.

2013ರ ವಿಧಾನಸಭೆ ಚುನಾವಣೆ. ನಾನು ಒಂದು ಪತ್ರಿಕೆಯ ಜಿಲ್ಲಾ ಆವೃತ್ತಿಯ ಡೆಸ್ಕಿನಲ್ಲಿ ಉಪಸಂಪಾದಕ. ಮತದಾನಕ್ಕೆ ಹತ್ತು ದಿನ ಇದೆ ಅನ್ನುವಾಗ ಸಂಜೆ ಸಂಜೆ ಒಂದು ಪೆನ್‌ಡ್ರೈವ್ ಬರೋಕೆ ಶುರುವಾಯ್ತು. ದಿನಕ್ಕೆ ಮೂರು ನಾಲ್ಕು 'ಸುದ್ದಿ'. ತಿದ್ದಿ, ಹೆಡ್ಡಿಂಗ್ ಕೊಟ್ಟು ಪುಟಕ್ಕೆ ಹಾಕಬೇಕು, 'ಜಾಹೀರಾತು' ಅಂತ ಎಲ್ಲೂ ಬರೆಯೋ ಹಾಗಿಲ್ಲ. ಒಂದು ದಿನ ಒಂದೇ ಕ್ಷೇತ್ರದ ಇಬ್ಬರು ಎದುರಾಳಿಗಳಿಗೂ ಒಂದೇ ಪುಟದಲ್ಲಿ ಗೆಲುವು ಖಚಿತ ಮಾಡಿಕೊಟ್ಟೆ. ಒಬ್ಬರಿಗೆ 'ಎಲ್ಲೆಡೆ ಅಭೂತಪೂರ್ವ ಬೆಂಬಲ', ಇನ್ನೊಬ್ಬರಿಗೆ 'ಹರಿದುಬಂದ ಜನಸಾಗರ'. ನಗಬೇಡಿ.

ಇದರ ಹಿಂದೆ ಸರಳ ಲೆಕ್ಕ ಇದೆ. ಆಗ ನಮ್ಮಲ್ಲಿ ಒಬ್ಬ ಅಭ್ಯರ್ಥಿ ಖರ್ಚು ಮಾಡಬಹುದಾಗಿದ್ದ ಮಿತಿ 16 ಲಕ್ಷ. ಜಾಹೀರಾತು ಕೊಟ್ಟರೆ ಆ ಲೆಕ್ಕಕ್ಕೆ ಸೇರುತ್ತೆ, ಸುದ್ದಿಯಾದರೆ ಸೇರಲ್ಲ. ಓದುಗನಿಗೂ ಜಾಹೀರಾತಿಗಿಂತ ಸುದ್ದಿ ಮೇಲೆ ನಂಬಿಕೆ ಜಾಸ್ತಿ. ಇದನ್ನು ಹಿಡಿಯೋಕೆ ಚುನಾವಣಾ ಆಯೋಗ ಜಿಲ್ಲೆಗೊಂದು ಸಮಿತಿ ಮಾಡಿತ್ತು. ಆದ್ರೆ ದುಡ್ಡು ನಗದಾಗಿ ಕೈ ಬದಲಾಯಿಸಿದರೆ ಸಮಿತಿ ರಸೀದಿ ಎಲ್ಲಿಂದ ತರುತ್ತೆ? 2009ರ ಚುನಾವಣೆಗಳ 'ಕಾಸಿಗಾಗಿ ಸುದ್ದಿ' ಬಗ್ಗೆ ಪ್ರೆಸ್ ಕೌನ್ಸಿಲ್ಲಿನ ಇಬ್ಬರ ಉಪಸಮಿತಿ 71 ಪುಟದ ವರದಿ ಬರೆದಿತ್ತು. 2010ರಲ್ಲಿ ಕೌನ್ಸಿಲ್ ಹೊರಗೆ ಬಿಟ್ಟಿದ್ದು ಮೊಟಕು ಮಾಡಿದ ವರದಿ. ಪೂರ್ತಿ ವರದಿ ಜನರ ಕಣ್ಣಿಗೆ ಬಿದ್ದಿದ್ದು 2011ರಲ್ಲಿ, ಕೇಂದ್ರ ಮಾಹಿತಿ ಆಯೋಗ ಹೇಳಿದ ಮೇಲೆ. ಪೇಪರಿನವರ ಬಗ್ಗೆ ಪೇಪರಿನವರೇ ಬರೆದರೂ ಹೀಗೆ.

ಆದರೆ ನನಗೆ ಕಾಡಿದ್ದು ಆ ಹೆಡ್ಡಿಂಗುಗಳಲ್ಲ. ಆ ಪುಟದಲ್ಲಿ ಜಾಗ ಮಾಡೋಕೆ ನಾನು ತೆಗೆದುಹಾಕಿದ ಒಂದು ಸಿಂಗಲ್ ಕಾಲಂ. ಒಂದು ಹಳ್ಳಿಯವರು ಕುಡಿಯೋ ನೀರಿಲ್ಲ ಅಂತ ಮತದಾನ ಬಹಿಷ್ಕಾರದ ಮಾತಾಡಿದ್ದರು. ನಮ್ಮ ಬಿಡಿ ಸುದ್ದಿಗಾರ ಬಸ್ಸಿನಲ್ಲಿ ಹೋಗಿ, ಹೆಂಗಸರನ್ನು ಮಾತಾಡಿಸಿ ಬರೆದಿದ್ದ. ಮಾರನೇ ದಿನ ಬೆಳಿಗ್ಗೆ ಫೋನ್ ಮಾಡಿದ. "ಸಾರ್, ನೀರಿನ್ದು ಬರ್ಲಿಲ್ವಲ್ಲ?" "ಜಾಗ ಇರ್ಲಿಲ್ಲಪ್ಪ" ಅಂದೆ.

ಇದನ್ನು ಅರ್ಜಿಯಲ್ಲಿ ಬರೆಯೋದಾ ಬೇಡವಾ ಅಂತ ಒಂದು ವಾರ ಒದ್ದಾಡಿದೆ. "ಕಳ್ಳತನ ಒಪ್ಕೊಂಡು ಸೀಟು ಕೇಳ್ತೀರಾ?" ಅಂದಳು ಹೆಂಡತಿ. ಅವಳ ಮಾತೂ ಸರಿಯೇ. ಕೊನೆಗೆ ಬರೆದೆ. ಪತ್ರ ಕೊಡಬೇಕಿದ್ದ ಸರ್ ಆಗಲೇ ನಿವೃತ್ತರು. ಮನೆಗೆ ಕರೆಸಿ, ಕಾಫಿ ಕೊಟ್ಟು, ಕನ್ನಡಕ ಏರಿಸಿಕೊಂಡು ಎರಡೂ ಪುಟ ಓದಿದರು. "ನೀರಿನ ವಿಷಯ ಇರ್ಲಿ. ಆಡಳಿತ ಮಂಡಳಿ ಒತ್ತಡ, ಮೇಲಿನವರ ಆದೇಶ ಅಂತ ಇಷ್ಟುದ್ದ ಬರ್ದಿದೀಯಲ್ಲ, ಅದು ತೆಗಿ. ಹೆಡ್ಡಿಂಗ್ ಕೊಟ್ಟಿದ್ದು ನೀನು ತಾನೆ?"

ತೆಗೆದೆ. ಒಂದು ಪ್ಯಾರಾ ಹೋಯ್ತು. ಆ ಜಾಗದಲ್ಲಿ, ಜಿಲ್ಲಾ ಪುಟಗಳಲ್ಲಿ ಚುನಾವಣೆ ಹೊತ್ತಿಗೆ ಯಾವ ಸುದ್ದಿ ಕಾಣೆಯಾಗುತ್ತೆ ಅನ್ನೋದನ್ನೇ ಅಧ್ಯಯನ ಮಾಡಬೇಕು ಅಂತ ಬರೆದೆ. ಬಂದಿದ್ದನ್ನು ಎಲ್ಲರೂ ಲೆಕ್ಕ ಹಾಕ್ತಾರೆ, ಬಾರದೇ ಇದ್ದಿದ್ದನ್ನು ಯಾರು ಹಾಕ್ತಾರೆ?

ಮಾರ್ಚಿನಲ್ಲಿ ಸೀಟು ಕೊಟ್ಟ ಮೇಲ್ ಬಂತು! ಎರಡು ದಿನ ನೆಲದ ಮೇಲೆ ಕಾಲಿರಲಿಲ್ಲ. 1920ರ ಜನವರಿಯಲ್ಲಿ 'ಮೂಕನಾಯಕ' ಪತ್ರಿಕೆ ಶುರುಮಾಡಿದ ಅಂಬೇಡ್ಕರರು ಅದೇ ವರ್ಷ ಇದೇ ಸಂಸ್ಥೆಗೆ ಓದೋಕೆ ಮರಳಿ ಹೋಗಿದ್ದರು ಅಂತ ಸಿಕ್ಕಿದವರಿಗೆಲ್ಲ ಹೇಳಿದ್ದೇ ಹೇಳಿದ್ದು. ಮೂರನೇ ದಿನ ಫೀಸು ನೋಡಿದೆ. ಇಪ್ಪತ್ತು ಸಾವಿರ ಪೌಂಡಿಗೂ ಮೇಲೆ, ಊಟ ವಸತಿ ಬೇರೆ. ನಂಬಿಕೊಂಡಿದ್ದ ವಿದ್ಯಾರ್ಥಿವೇತನ ಬರಲಿಲ್ಲ. ಅಪ್ಪ ಸೈಟು ಮಾರೋಣ ಅಂದರು. ಬೇಡ ಅಂದೆ.

ಏಪ್ರಿಲಿನಲ್ಲಿ ಲೋಕಸಭೆ ಚುನಾವಣೆ, ನಾನು ಅದೇ ಡೆಸ್ಕಿನಲ್ಲಿ. ಈ ಸಲ ಆ ಪುಟ ನನಗೆ ಬೇಡ ಅಂತ ಮುಖ್ಯಸ್ಥರಿಗೆ ಹೇಳಿದೆ. ಏನೂ ಕೇಳದೆ ಕ್ರೀಡಾ ಪುಟಕ್ಕೆ ಹಾಕಿದರು. ಐಪಿಎಲ್ ನಡೀತಿತ್ತು, ಕೈತುಂಬಾ ಕೆಲಸ. ಆ ಪುಟವನ್ನು ಪಕ್ಕದ ಟೇಬಲ್ಲಿನ ಹೊಸ ಹುಡುಗ ಮಾಡಿದ.

ಬಿಡಿ ಸುದ್ದಿಗಾರ ಈಗಲೂ ಹಬ್ಬಕ್ಕೆ ಫೋನ್ ಮಾಡ್ತಾನೆ. ಅವತ್ತು ಜಾಗ ಇರಲಿಲ್ಲ ಅಂದಿದ್ದು ಸುಳ್ಳು ಅಂತ ಅವನಿಗೆ ಇನ್ನೂ ಹೇಳಿಲ್ಲ. ಲಂಡನ್ನಿನವರಿಗೆ ಹೇಳಿದೀನಿ, ಈಗ ನಿಮಗೆ.