ತಾರಸಿಯ ಮೇಲೊಂದು ಕೊಡೆ

ಕಾರವಾರ ತಾಲೂಕಿನ ಕದ್ರಾದ ಚಹಾದಂಗಡಿಯಲ್ಲಿ ಆ ಬೆಳಿಗ್ಗೆ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ. ಜುಲೈ ಮಳೆ ತಗಡಿನ ಮೇಲೆ ಬೀಳುತ್ತಿತ್ತು. ಮೂಲೆಯ ಬೆಂಚಿನಲ್ಲಿ ಕೂತ ಮೇಸ್ತ್ರಿಯೊಬ್ಬರು ಮುಂಬಯಿಯ ಯಜಮಾನರ ಜೊತೆ ವಿಡಿಯೋ ಕಾಲ್‌ನಲ್ಲಿದ್ದರು. ಅತ್ತಲಿನವರಿಗೆ ಹೊಸ ಮನೆಯ ‘ಎಲಿವೇಶನ್’ ಚಿಂತೆ, ಇತ್ತಲಿನವರಿಗೆ ಸದ್ದಿನ ಚಿಂತೆ.

“ಸಾಹೇಬ್ರೇ, ಕೇಳ್ತಾ ಇಲ್ಲ. ತಗಡಿನ ಶಬ್ದ!”

“ತಗಡು ಯಾಕೆ? ನಮ್ಮದು ತಾರಸಿ ಮನೆ ಅಲ್ವೇನ್ರೀ?”

“ತಾರಸಿಯೇ ಸಾಹೇಬ್ರೇ. ತಗಡು ಆಮೇಲೆ.”

ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಿದ್ದ ಈ ಲೇಖಕನಿಗೆ ಕಿರಿಕಿರಿ ಶುರುವಾದದ್ದು ಅಲ್ಲಿಂದ. ಮೇಸ್ತ್ರಿಯ ಮೇಲಲ್ಲ. ಅವರು ಆಡಿದ್ದು ನಿಜ, ಅದೂ ಮುಂಗಡವಾಗಿ.

ಕಾರವಾರದಿಂದ ಅಂಕೋಲೆಯವರೆಗೆ ಯಾವ ಊರಿಗೆ ಹೋದರೂ ಕತೆಯ ಕ್ರಮ ಒಂದೇ. ಅಜ್ಜನ ಕಾಲದ ಹಂಚಿನ ಮನೆಯನ್ನು ಕೆಡವುತ್ತಾರೆ. ಅದೇ ಪಾಯದ ಆಸುಪಾಸಿನಲ್ಲಿ ಪೇಟೆಯ ಮಾದರಿಯ ಚಪ್ಪಟೆ ಆರ್‌ಸಿಸಿ ಮನೆ ಏಳುತ್ತದೆ. ಗೃಹಪ್ರವೇಶಕ್ಕೆ ಬಂದವರು ತಾರಸಿ ಹತ್ತಿ ಫೋಟೋ ತೆಗೆಸಿಕೊಳ್ಳುತ್ತಾರೆ. ಒಂದೆರಡು ಮಳೆಗಾಲ ಕಳೆದ ಮೇಲೆ ದೇವರಕೋಣೆಯ ಮೂಲೆಯಲ್ಲಿ ಅಂಗೈಯಗಲದ ಒದ್ದೆ ಕಾಣಿಸುತ್ತದೆ. ವಾಟರ್‌ಪ್ರೂಫಿಂಗ್‌ನವನು ಬಂದು ಬಳಿದು ಹೋಗುತ್ತಾನೆ, ಒದ್ದೆ ಪಕ್ಕದ ಕೋಣೆಗೆ ಸರಿಯುತ್ತದೆ. ಕೊನೆಗೆ ತಾರಸಿಯ ನಾಲ್ಕೂ ಅಂಚಿಗೆ ಕಬ್ಬಿಣದ ಪೈಪು ನಿಲ್ಲಿಸಿ, ಮೇಲೆ ನೀಲಿಯೋ ಕೆಂಪೋ ಬಣ್ಣದ ಶೀಟು ಹೊದಿಸುತ್ತಾರೆ. ಮನೆಗೆ ಖಾಯಂ ಕೊಡೆ ಹಿಡಿಸಿದಂತೆ. ಅಜ್ಜ ಒಂದೇ ಸಲ ಕಟ್ಟಿದ್ದ ಇಳಿಜಾರು ಮಾಡನ್ನು ಮೊಮ್ಮಗ ಎರಡು ಸಲ ದುಡ್ಡು ತೆತ್ತು ಮರಳಿ ಪಡೆಯುತ್ತಾನೆ. ಪಡೆದದ್ದಾದರೂ ಏನು? ಬೇಸಗೆಯಲ್ಲಿ ಕಾಯುವ, ಮಳೆಯಲ್ಲಿ ಕಿವುಡು ಮಾಡುವ ತಗಡು.

ಕಾರವಾರದಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದು ಹೋಗುತ್ತದೆ. ಅಷ್ಟು ನೀರನ್ನು ಚಪ್ಪಟೆ ಜಾಗದಲ್ಲಿ ಕೂರಿಸಿಕೊಂಡು ‘ಸೋರಬೇಡ’ ಎಂದರೆ ಅದು ಯಾರ ಮಾತು ಕೇಳೀತು?

ಮರಳು ಸಿಗುವುದಿಲ್ಲ, ಸಿಮೆಂಟಿನ ದರ ಏರಿದೆ, ಭೂಪರಿವರ್ತನೆಗೆ ಅಲೆದು ಚಪ್ಪಲಿ ಸವೆಯುತ್ತದೆ, ಕಡಲಂಚಿನಲ್ಲಾದರೆ ಸಿಆರ್‌ಝಡ್ ಅಡ್ಡ ಬರುತ್ತದೆ. ಮನೆ ಕಟ್ಟಿಸಿದವರಿಗೆಲ್ಲ ಇದು ಬಾಯಿಪಾಠ. ಮನೆ-ಮದುವೆಯ ಗಾದೆಯೂ ಹಾಗೆಯೇ. ಅವೆರಡನ್ನೂ ಇಲ್ಲಿಗೆ ಬಿಡಬಹುದು.

ಬಿಡಲಾಗದ್ದು ಸೂರಿನ ವಿಷಯ. ಈ ಕರಾವಳಿಯ ಹಳೆಮನೆಗಳ ಗೋಡೆ ಚಿರೆಕಲ್ಲಿನದು. ನೆಲದಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಕಲ್ಲು. 1801ರಲ್ಲಿ ಕೆನರಾ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಕಥನದಲ್ಲಿ ಇದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಮಲಬಾರಿನ ಅಂಗಾಡಿಪುರಂನಲ್ಲಿ ಜನ ಇದನ್ನು ಇಟ್ಟಿಗೆಯಂತೆ ಕಡಿದು ಕಟ್ಟುವುದನ್ನು ನೋಡಿ ಲ್ಯಾಟಿನ್ನಿನ ಇಟ್ಟಿಗೆಯ ಶಬ್ದವನ್ನೇ ಎತ್ತಿಕೊಂಡಿದ್ದ. ಈ ಕಲ್ಲಿನ ಮೈತುಂಬ ತೂತು, ನೀರು ಹೀರುತ್ತದೆ. ಅದನ್ನು ಬಲ್ಲ ಹಳೆಯ ಆಚಾರಿಗಳು ಮಾಡನ್ನು ಗೋಡೆಯಿಂದ ಎರಡು ಮೂರು ಅಡಿ ಹೊರಗೆ ಚಾಚುತ್ತಿದ್ದರು. ಸೂರಿನ ನೀರು ಗೋಡೆಯನ್ನು ಮುಟ್ಟದೆ ನೇರ ಅಂಗಳಕ್ಕೆ ಬೀಳುತ್ತಿತ್ತು. ಹೊರಗೆ ಆಕಾಶವೇ ಹರಿದು ಬೀಳುತ್ತಿದ್ದರೂ ಕಿಟಕಿ ತೆರೆದಿಡಬಹುದಿತ್ತು. ಗಾಳಿ ಎದುರು ಬೀಸುವ ದಿಕ್ಕಿಗೆ ತೆಂಗಿನ ಗರಿಯ ತಟ್ಟಿ ಕಟ್ಟಿದರೆ ಜಗುಲಿಯೂ ಒಣಗಿರುತ್ತಿತ್ತು.

ಸೂರಿನ ಕೆಳಗಿನ ಆ ಮೂರಡಿ ಜಾಗದಲ್ಲಿ ಒಂದು ಸಂಸಾರವೇ ನಡೆಯುತ್ತಿತ್ತು. ಕಟ್ಟಿಗೆ ಒಟ್ಟುವುದು ಅಲ್ಲಿ, ಕಂಬಳಿ ಹರವುವುದು ಅಲ್ಲಿ. ನಾಯಿ ಮಲಗುವುದು ಅಲ್ಲಿ, ಅಂಗಡಿಗೆ ಹೊರಟ ಪಕ್ಕದ ಮನೆಯ ಹುಡುಗ ಮಳೆ ಜೋರಾದಾಗ ಓಡಿ ಬಂದು ನಿಲ್ಲುವುದೂ ಅಲ್ಲೇ. ಈಗಿನ ‘ಎಲಿವೇಶನ್’ನಲ್ಲಿ ಸೂರೇ ಇಲ್ಲ. ಬಿಳಿ-ಬೂದು ಪೆಟ್ಟಿಗೆಗಳನ್ನು ಒಂದರ ಮೇಲೊಂದು ಜರುಗಿಸಿಟ್ಟ ಚಿತ್ರ ವಾಟ್ಸಾಪಿನಲ್ಲಿ ಬರುತ್ತದೆ. ಅದರಲ್ಲಿ ಆಕಾಶ ಯಾವಾಗಲೂ ನೀಲಿ, ಅಂಗಳದಲ್ಲಿ ಯಾವಾಗಲೂ ಒಂದು ಕಾರು. ಕದ್ರಾದ ಜುಲೈ ತಿಂಗಳನ್ನು ತೋರಿಸುವ ‘ತ್ರೀಡಿ ಎಲಿವೇಶನ್’ ಇನ್ನೂ ಯಾರಿಗೂ ಬಂದಂತಿಲ್ಲ.

ಮಾಡಿನ ಮಾತೆತ್ತಿದರೆ ಕದ್ರಾದವರಿಗೆ ಇನ್ನೊಂದು ನೆನಪಾಗುತ್ತದೆ. 1994ರ ಮೇ 13ರಂದು, ಕದ್ರಾ ಇರುವ ಇದೇ ಕಾಳಿ ನದಿಯ ದಂಡೆಯ ಕೈಗಾದಲ್ಲಿ, ಕಟ್ಟುತ್ತಿದ್ದ ಅಣು ವಿದ್ಯುತ್ ಸ್ಥಾವರದ ಒಂದನೆಯ ಘಟಕದ ಒಳಗುಮ್ಮಟದ ಕಾಂಕ್ರೀಟು ಪದರವಾಗಿ ಕಳಚಿ ಕೆಳಗೆ ಬಿತ್ತು. ಸ್ಥಾವರ ಇನ್ನೂ ಶುರುವಾಗಿರಲಿಲ್ಲ, ಅಣು ಅಪಾಯವೇನೂ ಇರಲಿಲ್ಲ. ವಿನ್ಯಾಸವನ್ನು ಮತ್ತೆ ಪರಿಶೀಲಿಸಿ, ಗುಮ್ಮಟವನ್ನು ಹೊಸದಾಗಿ ಕಟ್ಟಿ, 2000ದಲ್ಲಿ ಮೊದಲ ಎರಡು ಘಟಕಗಳು ವಾಣಿಜ್ಯ ವಿದ್ಯುತ್ ಉತ್ಪಾದನೆ ಶುರು ಮಾಡಿದವು. ಮುಂದೆ ಅದೇ ಒಂದನೆಯ ಘಟಕ 962 ದಿನ ನಿಲ್ಲದೆ ಓಡಿ 2018ರ ಕೊನೆಯಲ್ಲಿ ವಿಶ್ವದಾಖಲೆಯನ್ನೂ ಬರೆಯಿತು. ದೇಶದ ದೊಡ್ಡ ಇಂಜಿನಿಯರುಗಳೇ ಮಾಡನ್ನು ಎರಡು ಸಲ ಕಟ್ಟಿದ್ದಾರೆ ಎಂದು ಮೇಸ್ತ್ರಿಗಳು ಸಮಾಧಾನ ಪಟ್ಟುಕೊಂಡರೆ ತಪ್ಪೆನ್ನಲಾಗದು.

ತಾರಸಿಯವರ ವಾದವನ್ನೂ ಕೇಳಬೇಕು. ಅವರ ಮೊದಲ ಸಾಕ್ಷಿ ಮಂಗ. ಕಾಡಂಚಿನ ಊರುಗಳಲ್ಲಿ ಮಂಗಗಳ ಹಿಂಡು ಹಂಚಿನ ಮೇಲೆ ಓಡಿದರೆ ಒಂದು ಸಂಜೆಗೆ ಹತ್ತಾರು ಹಂಚು ಪುಡಿ. ಪ್ರತಿ ವರ್ಷ ಮಳೆಗೆ ಮುಂಚೆ ಮಾಡು ಹತ್ತಿ ಒಡೆದ ಹಂಚು ಬದಲಿಸಲು ಆಳು ಸಿಗುವುದಿಲ್ಲ, ಸಿಕ್ಕರೂ ಹಂಚು ಸಿಗುವುದಿಲ್ಲ. ಮಂಗಳೂರಿನ ಹಂಚಿನ ಕಾರ್ಖಾನೆಗಳು ಆವೆಮಣ್ಣಿಲ್ಲದೆ ಒಂದೊಂದಾಗಿ ಬಾಗಿಲು ಹಾಕಿವೆ. ಪಕಾಸಿಗೆ ಬೇಕಾದ ಮರ ಕೊಳ್ಳುವುದಂತೂ ಮದುವೆಯ ಚಿನ್ನ ಕೊಂಡಷ್ಟೇ ಭಾರ. ಮಕ್ಕಳು ಗೋವಾದಲ್ಲೋ ಮುಂಬಯಿಯಲ್ಲೋ ಇದ್ದು, ಮನೆಯಲ್ಲಿ ವಯಸ್ಸಾದ ಇಬ್ಬರೇ ಉಳಿದರೆ, ಅವರಲ್ಲಿ ಯಾರು ಏಣಿ ಹತ್ತಬೇಕು? ಈ ಪ್ರಶ್ನೆಗೆ ಸೂರಿನ ಭಕ್ತರ ಬಳಿ ಉತ್ತರವಿಲ್ಲ.

ಕದ್ರಾಕ್ಕೆ ಮೇಲಿನ ನೀರಷ್ಟೇ ಅಲ್ಲ, ಕೆಳಗಿನ ನೀರೂ ಇದೆ. ಕಾಳಿಗೆ ಅಡ್ಡಲಾಗಿ ಇಲ್ಲಿ ಕಟ್ಟಿದ ಅಣೆಕಟ್ಟು ಆ ನದಿಯ ಸಾಲಿನಲ್ಲಿ ಕೊನೆಯದು. ಸೂಪಾ, ಕೊಡಸಳ್ಳಿ ದಾಟಿ ಬಂದ ನೀರು ಇಲ್ಲಿಂದ ನೇರ ಕಡಲಿಗೆ. ಇಲ್ಲಿನ ವಿದ್ಯುದಾಗಾರದ ಸಾಮರ್ಥ್ಯ 150 ಮೆಗಾವಾಟ್. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ಗೇಟು ತೆರೆದಾಗ ಕೆಳಗಿನ ಊರುಗಳ ಮನೆಗಳೊಳಗೆ ನೀರು ನುಗ್ಗಿತು. ಹೊಳೆಯ ದಂಡೆಯಲ್ಲಿ ಮನೆ ಕಟ್ಟುವವರು ಈಗ ಮೇಸ್ತ್ರಿಯನ್ನು ಮೊದಲು ಕೇಳುವುದು ಪಾಯ ಎಷ್ಟು ಎತ್ತರ ಎಂಬುದನ್ನು. ಹಳೆಯ ಮನೆಗಳ ಜಗುಲಿಗೆ ನಾಲ್ಕಾರು ಮೆಟ್ಟಿಲು ಏಕಿರುತ್ತಿದ್ದವು ಎಂಬುದು ಆಗ ಹೊಳೆಯುತ್ತದೆ.

ಇಷ್ಟು ಯೋಚಿಸುವ ಹೊತ್ತಿಗೆ ಅಕ್ಕಮಹಾದೇವಿ ಅಡ್ಡ ಬರುತ್ತಾಳೆ. ಬೆಟ್ಟ, ಕಡಲತೀರ, ಸಂತೆ, ಈ ಮೂರು ಕಡೆ ಮನೆ ಮಾಡಿದವರ ಮೂರು ಅಂಜಿಕೆಗಳನ್ನು ಅವಳು ಒಂದೇ ವಚನದಲ್ಲಿ ಹಿಡಿದಿಟ್ಟಿದ್ದಾಳೆ. ಕಾರವಾರ, ಅಂಕೋಲಾ ತಾಲೂಕುಗಳ ನಕ್ಷೆ ಬಿಡಿಸಿಟ್ಟು ಬರೆದಳೇನೋ ಅನ್ನಿಸುತ್ತದೆ. ಇಲ್ಲಿ ಬೆನ್ನಿಗೆ ಗುಡ್ಡ, ಎದುರಿಗೆ ಅಲೆ, ನಡುವಿನ ಸಂತೆಯ ಜಾಗದಲ್ಲಿ 66ನೇ ರಾಷ್ಟ್ರೀಯ ಹೆದ್ದಾರಿ. ಅವಳ ಗುಡ್ಡದಲ್ಲಿ ಇದ್ದದ್ದು ಮೃಗಗಳು ಮಾತ್ರ, ಗುಡ್ಡ ನಿಂತಲ್ಲೇ ನಿಂತಿತ್ತು. 2009ರ ಅಕ್ಟೋಬರ್‌ನಲ್ಲಿ ಕಡವಾಡದ ಝರಿವಾಡದಲ್ಲಿ ಗುಡ್ಡವೇ ಮನೆಗಳ ಮೇಲೆ ಜಾರಿ 19 ಮಂದಿ ಸತ್ತರು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಕುಸಿದು ಗಂಗಾವಳಿಗೆ ಇಳಿಯಿತು. ವಾಸ್ತು ನೋಡುವವರು ಅಡುಗೆಮನೆಯ ಮೂಲೆಯನ್ನು ಅಷ್ಟು ಕಾಳಜಿಯಿಂದ ಅಳೆಯುತ್ತಾರಲ್ಲ, ಹಿತ್ತಿಲಿನ ಗುಡ್ಡವನ್ನು ಎಷ್ಟು ನೆಟ್ಟಗೆ ಕಡಿದಿದ್ದಾರೆ ಎಂದೂ ಒಮ್ಮೆ ನೋಡಿದರೆ ಉಪಕಾರವಾದೀತು.

ಹಾಗಾದರೆ ಹಳೆಮನೆಯನ್ನು ಏನು ಮಾಡಬೇಕು? ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕುಂಜೂರು ಚೌಕಿಮನೆಯಂಥವನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ ನಿಲ್ಲಿಸಿದರು. ಅಂಥ ತಪಸ್ಸು ಎಲ್ಲರ ಕೈಲಾಗದು. ತಿರುವನಂತಪುರದ ವಾಸ್ತುಶಿಲ್ಪಿ ಲಾರಿ ಬೇಕರ್ ಬಳಕೆಗೆ ಬಾರದ ಮಂಗಳೂರು ಹಂಚುಗಳನ್ನೇ ಸ್ಲ್ಯಾಬಿನ ಹೊಟ್ಟೆಯೊಳಗೆ ಇಟ್ಟು ಕಾಂಕ್ರೀಟು ಉಳಿಸಿದರು. ಅವರ ಮನೆಗಳಿಗೆ ಸೂರು ತಪ್ಪಿದ್ದು ಕಡಿಮೆ. ಕಾರವಾರದ ಸುತ್ತ ಈಗೀಗ ಕಾಣುವ ಮೂರನೆಯ ದಾರಿ ಸಾಮಾನ್ಯರದು: ಸ್ಲ್ಯಾಬನ್ನೇ ಇಳಿಜಾರಾಗಿ ಹಾಕಿಸಿ, ಹಳೆಮನೆಯಿಂದ ಇಳಿಸಿದ ಹಂಚನ್ನು ಅದರ ಮೇಲೆ ಹೊದಿಸುವುದು. ಮಂಗ ಕುಣಿದರೂ ಮನೆ ಸೋರದು, ಮಳೆ ಬಂದರೆ ಕಿವಿ ಒಡೆಯದು, ಪೈಪು-ಶೀಟಿನ ಖರ್ಚು ಉಳಿಯಿತು. ಅದಕ್ಕೆ ಮೂರಡಿ ಸೂರನ್ನೂ ಚಾಚಿಸಿದವರಿಗೆ ಈ ಲೇಖಕನ ಪೂರ್ತಿ ಅಂಕ.

ಹಂಚು ಇಳಿಸುವಾಗ ಒಂದು ತಮಾಷೆ ನಡೆಯುತ್ತದೆ. ಹಂಚನ್ನು ಮಗುಚಿ ನೋಡಿದ ಮನೆಯವರು ಥಟ್ಟನೆ ಗಂಭೀರರಾಗುತ್ತಾರೆ. ಬೆನ್ನ ಮೇಲೆ ಬಾಸೆಲ್ ಮಿಶನ್, ಮಂಗಳೂರು, 1865 ಎಂಬ ಅಚ್ಚು. ಕೂಡಲೇ ಮನೆಗೆ ನೂರರುವತ್ತು ವರ್ಷ ವಯಸ್ಸಾಗುತ್ತದೆ, ಮುತ್ತಜ್ಜ ಇನ್ನೊಂದು ತಲೆಮಾರು ಹಿಂದಕ್ಕೆ ಸರಿಯುತ್ತಾನೆ. ಆದರೆ 1865 ಎಂಬುದು ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಮಿಶನ್ನಿನ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಆಮೇಲೆ ಎಷ್ಟೋ ದಶಕ ಅಲ್ಲಿಂದ ಹೊರಟ ಹಂಚುಗಳೂ ಅದೇ ಇಸವಿ ಹೊತ್ತಿದ್ದವು. ಮೊದಲ ಮಹಾಯುದ್ಧದ ನಂತರ ಆ ಕಾರ್ಖಾನೆಗಳು ಮಿಶನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟ್‌ನ ಪಾಲಾದವು. ಆದ್ದರಿಂದ ಮನೆಯ ವಯಸ್ಸು ಬೇಕಾದವರು ಹಂಚು ಬಿಟ್ಟು ಹಳೆಯ ಪಹಣಿ, ಕರಾರುಪತ್ರ ಹುಡುಕಬೇಕು. ಆದರೆ ಹಂಚನ್ನು ಮನೆ ಕೆಡವುವ ಗುತ್ತಿಗೆದಾರನಿಗೆ ಪುಕ್ಕಟೆ ಕೊಟ್ಟು ಕಳಿಸಬೇಡಿ. ಅಂಥದ್ದನ್ನು ಇನ್ನು ಯಾರೂ ಸುಡುವುದಿಲ್ಲ.